ಮಾವನ ಗುಡಾರ, ಅತ್ತೆಯ ಹಪ್ಪಳ

ಅಥವಾ ಅದು ಹಲಸಿನ ಹಪ್ಪಳವೇ ಅಲ್ಲವೋ ಏನೋ. ಇಷ್ಟು ವರ್ಷ ಹಲಸಿನದು ಎಂದೇ ಹೇಳಿಕೊಂಡು ಬಂದಿದ್ದೇನೆ; ಹೇಳಿ ಹೇಳಿ ಈಗ ಅದರ ವಾಸನೆ ಕೂಡ ಮೂಗಿಗೆ ಬರುತ್ತದೆ. ನನ್ನ ಹೆಂಡತಿ ಕಮಲ ಮಾತ್ರ ಒಪ್ಪುವುದಿಲ್ಲ. ಅದು ಮರಗೆಣಸಿನ ಹಪ್ಪಳ, ಆ ವರ್ಷ ತವರಿನಲ್ಲಿ ಹಲಸಿನ ಹಪ್ಪಳ ಮಾಡಿಯೇ ಇರಲಿಲ್ಲ ಅನ್ನುತ್ತಾಳೆ. ಅವಳು ಹೇಳುವುದು ಸರಿ ಇರಬಹುದು. ಹಾಗಾದರೆ ನನ್ನ ಮೂಗಿಗೆ ಬರುತ್ತಿರುವುದು ಯಾವ ಹಪ್ಪಳದ ವಾಸನೆ? "ನಿನ್ನೆ ಮೊನ್ನೆ ನಡೆದ ಹಾಗೆ ನೆನಪಿದೆ" ಎಂದು ಹಳೆಯ ಕಥೆ ಶುರುಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ನನಗೆ ನಿನ್ನೆ ಮೊನ್ನೆ ನಡೆದದ್ದೇ ನೆನಪಿರುವುದಿಲ್ಲ. ಪುತ್ತೂರಿನ ಕಚೇರಿಯಲ್ಲಿ ನಿನ್ನೆ ನಾನೇ ಕಟ್ಟಿಟ್ಟ ಫೈಲನ್ನು ಇವತ್ತು ನಾನೇ ಹುಡುಕುತ್ತೇನೆ, ಸಿಕ್ಕಿದ ಮೇಲೆ ಇದನ್ನು ಇಲ್ಲಿಟ್ಟ ಮೂರ್ಖ ಯಾರು ಎಂದು ಗೊಣಗುತ್ತೇನೆ. ಅಂಥವನು ಹತ್ತು ಹನ್ನೆರಡು ವರ್ಷ ಹಿಂದಿನ ಒಂದು ಗುಡಾರದ ವಿಷಯ ಹೇಳಲು ಹೊರಟಿದ್ದೇನೆ. ಓದುವವರು ಅರ್ಧ ನಂಬಿದರೆ ಸಾಕು. ಯಾವ ಅರ್ಧ ಎಂದು ಹೇಳಲು ನನ್ನಿಂದಾಗದು.

ಖಚಿತವಾಗಿ ಗೊತ್ತಿರುವ ಕೆಲವು ಸಂಗತಿಗಳಿವೆ, ಅವನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಮಾವ ಬೆಳ್ಯಪ್ಪ ಗೌಡರಿಗೆ ಗಾಳ ಹಾಕುವ ಹುಚ್ಚು. ಅವರ ಮನೆ ಅಜ್ಜಾವರದಲ್ಲಿ. ಪಯಸ್ವಿನಿ ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಮನೆಯ ಹತ್ತಿರದ ಹೊಳೆಯಲ್ಲಿ ಸಿಕ್ಕಿದ್ದು ಅವರ ಲೆಕ್ಕದಲ್ಲಿ ಮೀನಲ್ಲ, ಬರೀ ಸಾರು. ಮೀನು ಅಂದರೆ ಕಡಬದ ಈಚೆ, ಕುಮಾರಧಾರೆಯ ಒಂದು ಕಯದಲ್ಲಿರುವ ಬಾಳೆಮೀನು. ಬೇಸಗೆಯಲ್ಲೂ ಬತ್ತದ ಹೊಳೆಯ ಗುಂಡಿಗೆ ನಮ್ಮಲ್ಲಿ ಕಯ ಅನ್ನುತ್ತಾರೆ. ಆ ಮೀನು ಹಗಲು ಹೊತ್ತು ಗಾಳದ ಕಡೆ ತಿರುಗಿಯೂ ನೋಡುವುದಿಲ್ಲವಂತೆ. ಸೂರ್ಯ ಮುಳುಗಿದ ಮೇಲೆ ಒಮ್ಮೆ, ಮೂಡುವ ಮೊದಲು ಒಮ್ಮೆ, ಅಷ್ಟೇ. ಹಾಗಾಗಿ ವರ್ಷಕ್ಕೊಂದು ರಾತ್ರಿ, ಭತ್ತದ ಕೊಯ್ಲು ಮುಗಿದು ಹೊಳೆ ತಿಳಿಯಾದ ಮೇಲೆ, ಮಾವ ಅಲ್ಲಿ ದಂಡೆಯ ಮೇಲೆ ಮಲಗಿ ಬರುತ್ತಿದ್ದರು. ಆ ಒಂದು ರಾತ್ರಿಗಾಗಿ ಉಳಿದ ರಾತ್ರಿಗಳನ್ನೆಲ್ಲ ಮನೆಯಲ್ಲಿ ಮಲಗುತ್ತಾರೆ ಎಂದು ಕಮಲ ಹೇಳುತ್ತಿದ್ದಳು.

ನಮ್ಮ ಮದುವೆಯಾಗಿ ಎರಡನೆಯ ವರ್ಷವೋ ಮೂರನೆಯ ವರ್ಷವೋ, ಮಾವನಿಗೆ ದಮ್ಮು ಶುರುವಾಯಿತು. ಸುಳ್ಯದ ವೈದ್ಯರು ಔಷಧ ಕೊಟ್ಟು, ಮಂಜು ಬೀಳುವಲ್ಲಿ ಮಲಗಬಾರದು ಎಂದರು. ವೈದ್ಯರು ಅದನ್ನು ನೂರು ಜನರಿಗೆ ಹೇಳುವ ಹಾಗೆ ಹೇಳಿರಬೇಕು. ಅತ್ತೆ ಮಾತ್ರ ಅದು ತಮಗೊಬ್ಬರಿಗೇ ಕೊಟ್ಟ ಅಪ್ಪಣೆ ಎಂದು ಕೇಳಿಸಿಕೊಂಡು ಮನೆಗೆ ಬಂದರು. ಕುಮಾರಧಾರೆ ನಿಂತಿತು. ಮಾವ ಎದುರು ಮಾತಾಡಲಿಲ್ಲ. ಬೆಳಿಗ್ಗೆ ಜಗಲಿಯಲ್ಲಿ ಕೂತು ಗಾಳದ ಕೊಕ್ಕೆಗಳನ್ನೆಲ್ಲ ಡಬ್ಬಿಯಿಂದ ತೆಗೆದು, ಎಣ್ಣೆ ಹಚ್ಚಿ, ಒರೆಸಿ ವಾಪಸು ಹಾಕುತ್ತಿದ್ದರು. ಮರುದಿನ ಬೆಳಿಗ್ಗೆ ಮತ್ತೆ ಅದೇ. ಊಟಕ್ಕೆ ಕರೆದರೆ ಬರುತ್ತಿದ್ದರು, ಬಡಿಸಿದರೆ ತಿನ್ನುತ್ತಿದ್ದರು. ಕೊನೆಗೆ ಒಂದು ಭಾನುವಾರ, ನಾವಿಬ್ಬರೂ ಅಲ್ಲಿಗೆ ಹೋಗಿದ್ದಾಗ, ಅತ್ತೆ ಅಡಿಗೆಮನೆಯಲ್ಲಿ ಕಮಲನ ಹತ್ತಿರ ಹೇಳಿದರು; ಹೇಳಿದ್ದು ಕಮಲನಿಗೆ, ಸ್ವರ ಮಾತ್ರ ಜಗಲಿಗೆ ಬರುವಷ್ಟು. "ತಲೆಗೆ ಮಂಜು ಬೀಳದ ಹಾಗೆ ಎಂತಾದರೂ ವ್ಯವಸ್ಥೆ ಮಾಡುವವರಿದ್ದರೆ ಹೋಗ್ಲಿ. ನಾನೇನು ಹಗ್ಗ ಹಾಕಿ ಕಟ್ಟಿದ್ದೇನಾ?"

ಜಗಲಿಯಲ್ಲಿ ಕೊಕ್ಕೆ ಒರೆಸುವ ಕೈ ನಿಂತಿತು. ನನ್ನ ಬಾಯಿ ನಿಲ್ಲಲಿಲ್ಲ. "ಅದು ನನಗೆ ಬಿಡಿ" ಎಂದುಬಿಟ್ಟೆ.

ನನಗೆ ಸುಮ್ಮನೆ ಕೂತುಕೊಳ್ಳುವ ವಿದ್ಯೆ ಬರುವುದಿಲ್ಲ. ಊಟಕ್ಕೆ ಕೂತರೆ ಕೈತೊಳೆಯುವ ಯೋಚನೆ, ಮಲಗಿದರೆ ಏಳುವ ಯೋಚನೆ. ಗಾಳ ಹಾಕುವುದಕ್ಕೆ ಇಂಥವನಷ್ಟು ಅಯೋಗ್ಯ ಇನ್ನೊಬ್ಬನಿಲ್ಲ. ಆದರೂ ಮಾವನ ಜೊತೆ ಹೋಗಬೇಕು ಎಂಬ ಆಸೆ ನನಗೆ ಮದುವೆಯ ದಿನದಿಂದ ಇತ್ತು, ಕಾರಣ ಬೇರೆ. ಅವರು ನನ್ನನ್ನು 'ನೀವು' ಎಂದು ಕರೆಯುತ್ತಿದ್ದರು. ಕಚೇರಿಯಲ್ಲಿ ಕೆಲಸದಲ್ಲಿರುವ ಅಳಿಯನಿಗೆ ಸಲ್ಲುವ ಗೌರವ ಎಂದು ಮೊದಮೊದಲು ಹಿಗ್ಗಿದ್ದೆ. ಆಮೇಲೆ ಕಮಲ ತಿಳಿಸಿದಳು: ಅಪ್ಪ ಬಹುವಚನ ಹಾಕುವುದು ಅಮೀನರಿಗೆ, ಅಳತೆ ಮಾಡಲು ಬರುವವರಿಗೆ, ಮತ್ತೆ ನಂಬಿಕೆ ಬಾರದ ಎಲ್ಲರಿಗೆ. ಒಂದು ರಾತ್ರಿ ಹೊಳೆದಂಡೆಯಲ್ಲಿ ಒಟ್ಟಿಗೆ ಕಳೆದರೆ 'ನೀನು' ಆಗಬಹುದು ಎಂದು ನನ್ನ ಅಂದಾಜು. ಇಲ್ಲಿ ಒಂದು ಮಾತು ಹೇಳಬೇಕು. ಮನೆಯಲ್ಲಿ ನಾವು ಆಡುವುದು ಅರೆಭಾಷೆ. ಇಲ್ಲಿ ಅದನ್ನು ಪೇಟೆಯ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ಆದ್ದರಿಂದ ಅವರು ಆಡಿದ ಮಾತು ಇದೇ ಎಂದು ಪ್ರಮಾಣ ಮಾಡಲಾರೆ. ಆಡಿದಾಗ ಅವರ ಮುಖ ಹೀಗೇ ಇತ್ತು ಎಂದು ಮಾತ್ರ ಹೇಳಬಲ್ಲೆ.

ಗುಡಾರ ಅಂದರೆ ಇದ್ದಿನಬ್ಬ ಬ್ಯಾರಿಗಳು. ಬೆಳ್ಳಾರೆಯಲ್ಲಿ ಅವರ ಅಂಗಡಿ. ಗೋಣಿ, ಹಗ್ಗ, ಲಾಂದ್ರ, ಮಂಗಳೂರಿನಲ್ಲಿ ಹರಾಜಾದ ಮಿಲಿಟರಿ ಸಾಮಾನು, ಇಂಥದ್ದು ಇಲ್ಲ ಎಂಬುದಿಲ್ಲ. ನನ್ನ ಕೋರಿಕೆ ಕೇಳಿ ಅವರು ಮೊದಲು ಕೊಟ್ಟದ್ದು ಲಾರಿಗೆ ಹೊದಿಸುವ ಒಂದು ಟರ್ಪಾಲು. ಇದರೊಳಗೆ ಮಂಜೇನು, ಆಷಾಢದ ಮಳೆಯೂ ಬರುವುದಿಲ್ಲ ಎಂದರು. ಅದು ನಿಜ. ಮಳೆ ಬರುವುದಿಲ್ಲ, ಗಾಳಿ ಬರುವುದಿಲ್ಲ, ಮೊದಲಿದ್ದ ವಾಸನೆ ಹೊರಗೂ ಹೋಗುವುದಿಲ್ಲ. ಮೊದಲಿದ್ದದ್ದು ಒಣಮೀನು.

ಅಜ್ಜಾವರದ ಅಂಗಳದಲ್ಲಿ ಅದನ್ನು ಎರಡು ಗೂಟದ ಮೇಲೆ ಕಟ್ಟಿ ನಿಲ್ಲಿಸಿದಾಗ ಅತ್ತೆ ಹೊರಗೆ ಬಂದರು. ಕೈಯಲ್ಲಿ ಒಂದು ಬಟ್ಟಲು, ಬಟ್ಟಲಲ್ಲಿ ಒಂದು ಹಪ್ಪಳ. ಸುಟ್ಟದ್ದಲ್ಲ, ಕರಿದದ್ದಲ್ಲ, ಡಬ್ಬಿಯಿಂದ ತೆಗೆದ ಒಣ ಹಪ್ಪಳ. ಇದು ರಾತ್ರಿ ಒಳಗೆ ಇರಲಿ ಎಂದರು. ಬೆಳಿಗ್ಗೆ ತಾವೇ ಬಂದು ಮುರಿದು ನೋಡುವುದು. 'ಟಕ್' ಎಂದು ಮುರಿದರೆ ಒಳಗೆ ತೇವ ಇಲ್ಲ, ಗಂಡ ಹೋಗಬಹುದು. ಬಗ್ಗಿದರೆ ಇಲ್ಲ. ಮೋಡ, ಗಾಳಿ, ಮಳೆ ಎಲ್ಲವನ್ನೂ ಅವರು ಈ ಒಂದು ವಿಧಾನದಿಂದಲೇ ನೋಡುತ್ತಿದ್ದರು. ಡಬ್ಬಿಯ ಮುಚ್ಚಳ ಸರಿ ಉಂಟೋ ಇಲ್ಲವೋ, ಅಟ್ಟದ ಮೂಲೆ ಸೋರುತ್ತದೋ ಇಲ್ಲವೋ, ಎಲ್ಲದಕ್ಕೂ ಹಪ್ಪಳವೇ ಸಾಕ್ಷಿ. ಮನುಷ್ಯರ ಸಾಕ್ಷಿಯಲ್ಲಿ ಅವರಿಗೆ ನಂಬಿಕೆ ಇರಲಿಲ್ಲ, ಮುಖ್ಯವಾಗಿ ಗಂಡಸರದ್ದರಲ್ಲಿ.

ಪರೀಕ್ಷೆ ಸರಿಯಾಗಿ ನಡೆಯಲಿ ಎಂದು ನಾನೂ ಟರ್ಪಾಲಿನ ಒಳಗೆ ಮಲಗಿದೆ. ಸಂದಿಗಳನ್ನೆಲ್ಲ ಕಲ್ಲಿಟ್ಟು ಮುಚ್ಚಿದ್ದೆ. ಬೆಳಿಗ್ಗೆ ಹಪ್ಪಳ ಎತ್ತಿದರೆ ಅದು ವೀಳ್ಯದೆಲೆಯ ಹಾಗೆ ಬಗ್ಗಿತು. ಅತ್ತೆ ಅದನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿ ತೋರಿಸಿದರು. ಹೊರಗಿನ ಮಂಜು ಒಂದು ಹನಿ ಒಳಗೆ ಬಂದಿಲ್ಲ ಎಂದು ನಾನು ವಾದಿಸಿದೆ. ಅವರು ಟರ್ಪಾಲಿನ ಒಳಮೈಯನ್ನು ಬೆರಳಿನಿಂದ ಸವರಿ, ಒದ್ದೆ ಬೆರಳನ್ನು ನನ್ನ ಮುಂದೆ ಹಿಡಿದರು. "ಮಂಜು ಹೊರಗಿಂದ ಬರ್ಲಿಲ್ಲ. ಇದು ನಿಮ್ಮ ಮೂಗಿನದ್ದು." ನಾನು ರಾತ್ರಿಯಿಡೀ ಬಿಟ್ಟ ಉಸಿರೆಲ್ಲ ಹೋಗಲು ದಾರಿಯಿಲ್ಲದೆ ನೀರಾಗಿ ನೇತಾಡುತ್ತಿತ್ತು. ಜಗಲಿಯಲ್ಲಿದ್ದ ಮಾವ ಕೊಕ್ಕೆಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು. ಆ ಮುಚ್ಚಳದ ಸದ್ದು ನನಗೆ ನೆನಪಿದೆ. ನೆನಪಿದೆ ಅಂದುಕೊಂಡಿದ್ದೇನೆ.

ಆಮೇಲಿನದ್ದು ಪನೆಯೋಲೆಯ, ಅಂದರೆ ಶ್ರೀತಾಳೆ ಗರಿಯ ಗುಡಾರ. ಶ್ರೀತಾಳೆಯ ಒಂದೊಂದು ಗರಿ ಒಂದು ಸಂಸಾರಕ್ಕೆ ನೆರಳಾಗುವಷ್ಟು ಅಗಲ. ಹಿಂದೆ ಕಾಡಿಗೆ ಹೋಗುವವರು ಅದನ್ನೇ ಮಡಚಿ ಒಯ್ಯುತ್ತಿದ್ದರು ಎಂದು ಯಾರೋ ಹೇಳಿದರು. ಎರಡು ಗರಿ ತರಿಸಿ ಹೊಲಿಸಿದೆ. ಹಪ್ಪಳ ಟಕ್ಕೆಂದು ಮುರಿಯಿತು. ಅತ್ತೆ ತಲೆಯಾಡಿಸಿದರು. ಆದರೆ ಅದರ ಮೇಲೆ ಒಂದು ಹನಿ ಬಿದ್ದರೆ ಚೆಂಡೆಗೆ ಕೋಲು ಬಿದ್ದ ಹಾಗೆ. ಗಾಳಿ ಬಂದರೆ ಇಡೀ ಮೇಳವೇ ಅಂಗಳದಲ್ಲಿ ಕೂತ ಹಾಗೆ. ಮಾವ ಒಮ್ಮೆ ಅದರ ಮೇಲೆ ಬೆರಳಿನಿಂದ ತಟ್ಟಿ ನೋಡಿ, ಹತ್ತಿರ ಬಂದ ಮೀನು ಇದನ್ನು ಕೇಳಿದರೆ ಸಮುದ್ರಕ್ಕೆ ಹೋಗಿ ಉಸಿರು ಬಿಡುತ್ತದೆ ಎಂದರು. ಅದಾದರೂ ಸಹಿಸಬಹುದಿತ್ತು. ಸುಳ್ಯದ ಬಸ್ಸಿನ ಮೇಲೆ ಹಾಕಲು ಒಯ್ದರೆ ಕಂಡಕ್ಟರು ಅದನ್ನು ಮೇಲಿಂದ ಕೆಳಗೆ ನೋಡಿ, ಇದನ್ನು ಬಸ್ಸಿನ ಮೇಲೆ ಹಾಕುವುದೋ ಅಥವಾ ಬಸ್ಸನ್ನು ಇದರ ಕೆಳಗೆ ನಿಲ್ಲಿಸುವುದೋ ಎಂದು ಕೇಳಿದ.

ಮೂರನೆಯದು ನನ್ನ ಸ್ವಂತ ಕಲ್ಪನೆ. ಹಳೆಯದನ್ನು ಹಾಗೆಯೇ ತೆಗೆದುಕೊಳ್ಳುವುದು ನನ್ನ ಜಾಯಮಾನವಲ್ಲ. ಒಂದು ದೊಡ್ಡ ಕೊಡೆಯ ಬಟ್ಟೆ ಕಿತ್ತು, ಕಡ್ಡಿಗಳ ಮೇಲೆ ಅಡಿಕೆ ಹಾಳೆ ಹೊಲಿದು, ಸುತ್ತಲೂ ಹಾಳೆಯ ಅಂಚು ಇಳಿಬಿಟ್ಟೆ. ತಲೆಗೆ ಹಾಳೆಯ ಟೊಪ್ಪಿ ಇಡುತ್ತೇವೆ, ಇಡೀ ಮೈಗೆ ಯಾಕೆ ಇಡಬಾರದು? ಹಗುರ, ಸದ್ದಿಲ್ಲ, ಮಡಚಲು ಬರುತ್ತದೆ. ಮಾವ ಕೂಡ ಎದ್ದು ಬಂದು ಸುತ್ತ ಒಂದು ಬಾರಿ ನಡೆದು ನೋಡಿದರು; ನನ್ನ ಕೆಲಸವನ್ನು ಅವರು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಸಾಯಂಕಾಲ ಬಟ್ಟಲಲ್ಲಿ ಹಪ್ಪಳ ಇಟ್ಟು ಒಳಗೆ ಕಾಫಿ ಕುಡಿಯಲು ಹೋದೆವು. ಬರುವಾಗ ಹಟ್ಟಿಯಿಂದ ಬಿಚ್ಚಿಕೊಂಡು ಬಂದ ದನ ಗುಡಾರದ ಒಂದು ಪಕ್ಕವನ್ನು ತಿಂದು ಮುಗಿಸಿ, ಹಪ್ಪಳವನ್ನೂ ತಿಂದು, ಇನ್ನೊಂದು ಪಕ್ಕಕ್ಕೆ ತಿರುಗುತ್ತಿತ್ತು. ಹಾಳೆಯನ್ನು ದನಕ್ಕೆ ಹಾಕುವುದು ಅಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದ ವಿಷಯ ಬೇಕಾದ ಹೊತ್ತಿಗೆ ಎಲ್ಲಿಗೆ ಹೋಗುತ್ತದೆ ಎಂದು ನಾನು ಇವತ್ತಿಗೂ ಯೋಚಿಸುತ್ತಿದ್ದೇನೆ. ಹಪ್ಪಳ ಮುರಿಯಿತೋ ಬಗ್ಗಿತೋ ಎಂದು ದನವನ್ನು ಕೇಳಿ ಎಂದು ಅತ್ತೆ ಹೇಳಿ ಒಳಗೆ ಹೋದರು.

ಅಷ್ಟು ಹೊತ್ತಿಗೆ ಹೊಳೆ ತಿಳಿಯಾಗಿ ವಾರಗಳು ಕಳೆದಿದ್ದವು. ಇನ್ನು ಸ್ವಲ್ಪ ದಿನ ಹೋದರೆ ನೀರು ಇಳಿದು ಮೀನು ಕಯದ ಅಡಿಗೆ ಸೇರುತ್ತದೆ, ಆಮೇಲೆ ಗಾಳಕ್ಕೆ ಬರುವುದಿಲ್ಲ ಎಂದು ಮಾವ ಕಮಲನ ಹತ್ತಿರ ಹೇಳಿದರಂತೆ. ನನ್ನ ಹತ್ತಿರ ಹೇಳಲಿಲ್ಲ. ನಾನು ಮತ್ತೆ ಬೆಳ್ಳಾರೆಗೆ ಓಡಿದೆ. ಇದ್ದಿನಬ್ಬ ಬ್ಯಾರಿಗಳು ಗೋಣಿಯ ರಾಶಿಯ ಹಿಂದಿನಿಂದ ಒಂದು ಸಣ್ಣ ಗಂಟು ತೆಗೆದರು. ಬಿಚ್ಚಿದರೆ ಮಣ್ಣಿನ ಬಣ್ಣದ ಗುಡಾರ, ಒಬ್ಬ ಸಿಪಾಯಿಗೆ ಎಂದು ಮಾಡಿದ್ದು. ಎರಡು ತುದಿಯೂ ತೆರೆದಿರುವುದರಿಂದ ಉಸಿರು ಹೊರಗೆ ಹೋಗುತ್ತದೆ. ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಬಹುದು. ಇಂಥದ್ದು ಇಟ್ಟುಕೊಂಡು ನನಗೆ ಟರ್ಪಾಲು ಯಾಕೆ ಕೊಟ್ಟಿರಿ ಎಂದು ಕೇಳಿದೆ. ನೀವು ಇಬ್ಬರು ಎಂದು ಹೇಳಿದ್ದಿರಿ, ಅದಕ್ಕೆ ಎಂದರು.

"ಇದರಲ್ಲಿ ಇಬ್ಬರು ಹಿಡಿಯುದಿಲ್ವಾ?"

"ಹಿಡೀತಾರೆ. ಇಬ್ಬರು ಬ್ಯಾರಿಗಳಾದರೆ ಹಿಡೀತಾರೆ, ಇಬ್ಬರು ಸಿಪಾಯಿಗಳಾದರೂ ಹಿಡೀತಾರೆ. ಮಾವ ಅಳಿಯ ಹಿಡಿಯುದಿಲ್ಲ ಮಾರಾಯ್ರೆ. ನಿಮಗೆ ಮಧ್ಯದಲ್ಲಿ ಮರ್ಯಾದೆಗೆ ಒಂದು ಚಾಪೆ ಬೇಕಲ್ಲ."

ನಾನು ನಕ್ಕೆ. ಅವರು ನಗಲಿಲ್ಲ ಎಂಬುದನ್ನು ಆಗ ಗಮನಿಸಬೇಕಿತ್ತು.

ಅಂಗಳದ ಪರೀಕ್ಷೆಯಲ್ಲಿ ಈ ಸಲದ ಹಪ್ಪಳ ಮೊದಲು ತುಸು ಬಗ್ಗಿ, ಆಮೇಲೆ ಮುರಿಯಿತು. ಅತ್ತೆ ಎರಡೂ ತುಂಡುಗಳನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಮಾವ ಕೊಕ್ಕೆಯ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬೇರೆ ಕಡೆ ನೋಡುತ್ತಿದ್ದರು. ಹೋಗಬಹುದು ಎಂದಾಯಿತು, ಆದರೆ ಒಂದು ಷರತ್ತು. ಅಂಗಳದ ಮಂಜು ಬೇರೆ, ಹೊಳೆಯ ಮಂಜು ಬೇರೆ. ಹಪ್ಪಳವೂ ಜೊತೆಗೆ ಹೋಗಬೇಕು, ರಾತ್ರಿ ಗುಡಾರದೊಳಗೆ ಮಾವನ ತಲೆಯ ಹತ್ತಿರ ಇರಬೇಕು, ಮರುದಿನ ಇಡಿಯಾಗಿ ವಾಪಸು ಬರಬೇಕು. ಟಕ್ಕೆಂದು ಮುರಿದರೆ ಮುಂದಿನ ವರ್ಷವೂ ಹೋಗಬಹುದು. ಬಗ್ಗಿದರೆ ಇದೇ ಕೊನೆ. ಗಾಳವನ್ನು ಹೊಳೆಗೆ ಹಾಕುವುದಲ್ಲ, ಒಲೆಗೆ ಹಾಕುವುದು ಎಂದರು. ಮಾವ ತಲೆಯಾಡಿಸಿ ಒಪ್ಪಿದರು. ಹಪ್ಪಳವನ್ನು ಬಾಳೆಲೆಯಲ್ಲಿ ಸುತ್ತಲು ಹೋದ ಕಮಲನಿಗೆ ಅತ್ತೆ ಗದರಿ, ಎಲೆಯಲ್ಲೂ ತೇವ ಇರುತ್ತದೆ ಎಂದು, ಎರಡು ತಟ್ಟೆಗಳ ನಡುವೆ ಇಟ್ಟು ಕಟ್ಟಿದರು.

ಬೆಳ್ಳಾರೆ ದಾಟಿ ಪಂಜದವರೆಗೆ ಬಸ್ಸಿನಲ್ಲಿ, ಅಲ್ಲಿಂದ ನಡೆದು. ದಾರಿಯಲ್ಲಿ ಮಾವ ಮಾತಾಡಿದ್ದು ಎರಡೇ ಸಲ, ಎರಡೂ ಸಲ ಹಪ್ಪಳ ಎಲ್ಲಿದೆ ಎಂದು. ಹೊಳೆ ಕಂಡ ಮೇಲೆ ಮನುಷ್ಯ ಬೇರೆಯಾದರು. ಎರೆಹುಳ ಸಿಕ್ಕಿಸುವಾಗ, ಬಿದಿರಿನ ಕೋಲನ್ನು ಮರಳಲ್ಲಿ ಊರುವಾಗ ಕೈಗೆ ದಮ್ಮೂ ಇಲ್ಲ ವಯಸ್ಸೂ ಇಲ್ಲ. ನಾನು ಆಗಾಗ ನನ್ನ ಗಾಳವನ್ನು ಎತ್ತಿ ಹುಳ ಇದೆಯೇ ಎಂದು ನೋಡುತ್ತಿದ್ದೆ. ಮೀನಿಗೆ ನೀವು ಊಟ ಹಾಕುದಾ, ಪರೀಕ್ಷೆ ಮಾಡುದಾ ಎಂದು ಮೆಲ್ಲಗೆ ಕೇಳಿದರು. ಕತ್ತಲಾಗುವಾಗ ಅವರ ಕೋಲು ಬಗ್ಗಿತು. ತುಂಬ ಹೊತ್ತು ಆಡಿಸಿ ಎಳೆದು ಹಾಕಿದ ಬಾಳೆಮೀನು ಎಷ್ಟುದ್ದ ಇತ್ತು ಎಂದು ಹೇಳುವುದಿಲ್ಲ. ನಾನು ಹೇಳುವಾಗಲೆಲ್ಲ ಅದು ಬೆಳೆಯುತ್ತಾ ಬಂದಿದೆ. ಮಾವ ಅದರ ಪಕ್ಕ ಮರಳಲ್ಲಿ ಕೂತು ನಕ್ಕರು. ಶಬ್ದವಿಲ್ಲದ ನಗು, ಬಹಳ ಹೊತ್ತು. ಗುಡಾರ ಹುಡುಕಿದ್ದು ಸಾರ್ಥಕವಾಯಿತು ಎಂದು ನನಗೆ ಅನಿಸಿತು. ಗುಡಾರವನ್ನು ಇನ್ನೂ ಬಿಚ್ಚಿಯೇ ಇರಲಿಲ್ಲ ಎಂಬುದು ಬೇರೆ ಮಾತು.

ಊಟ ಮುಗಿಸಿ ಅದನ್ನು ನಿಲ್ಲಿಸಿದೆವು. ನಿಲ್ಲಿಸಿ ಎದುರಿನಲ್ಲಿ ಇಬ್ಬರೂ ನಿಂತೆವು. ಬ್ಯಾರಿಗಳ ಚಾಪೆ ಆಗ ನನ್ನ ಕಣ್ಣ ಮುಂದೆ ಹಾಸಿಕೊಂಡಿತು. ಒಬ್ಬರ ಪಕ್ಕ ಒಬ್ಬರು ಮಲಗಿದರೆ ಭುಜ ತಾಗುತ್ತದೆ. ಮಾವನಿಗೆ ಭುಜ ತಾಗಿಸಿ ಮಲಗುವ ಅಳಿಯ ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ತಲೆಗೆ ಕಾಲು, ಕಾಲಿಗೆ ತಲೆಯಾಗಿ ಮಲಗಿದರೆ ನನ್ನ ಪಾದ ಅವರ ಮುಖದ ಹತ್ತಿರ. ಅದನ್ನು ಯೋಚಿಸಿದ್ದಕ್ಕೇ ನಾಲಿಗೆ ಕಚ್ಚಿಕೊಂಡೆ. ಹಾಗಾದರೆ ಒಬ್ಬರು ಒಳಗೆ, ಒಬ್ಬರು ಹೊರಗೆ.

"ನೀವು ಒಳಗೆ ಮಲಗಿ ಮಾವ. ನಿಮಗೋಸ್ಕರವೇ ತಂದದ್ದು."

"ಬೊಡ ಬೊಡ. ಅಳಿಯನನ್ನು ಹೊರಗೆ ಹಾಕಿ ನಾನು ಒಳಗೆ ಮಲಗುದಾ? ನಾಳೆ ಊರಲ್ಲಿ ಮುಖ ತೋರಿಸ್ಲಿಕ್ಕೆ ಉಂಟಾ?" ಬೊಡ ಅಂದರೆ ಬೇಡ. ಅರೆಭಾಷೆಯಲ್ಲಿ ಎರಡು ಸಲ ಬೊಡ ಅಂದರೆ ಮಾತು ಮುಗಿಯಿತು.

ನನ್ನ ಮಾತು ಮುಗಿಯಲಿಲ್ಲ. ಗುಡಾರ ನಾನು ತಂದದ್ದು, ಆದ್ದರಿಂದ ಇದು ನನ್ನ ಮನೆ, ನೀವು ನನ್ನ ಮನೆಗೆ ಬಂದ ಹಿರಿಯರು ಎಂದೆ. ಹೊಳೆಗೆ ಕರೆದುಕೊಂಡು ಬಂದದ್ದು ನಾನು, ಆದ್ದರಿಂದ ಈ ದಂಡೆಯೇ ನನ್ನ ಜಗಲಿ, ನೀವು ನೆಂಟರು ಎಂದರು ಅವರು. ದಮ್ಮಿನ ವಿಷಯ ಎತ್ತಿದೆ. ದಮ್ಮು ನನ್ನದು, ಅದನ್ನು ಎಲ್ಲಿ ಮಲಗಿಸಬೇಕೆಂದು ನನಗೆ ಗೊತ್ತುಂಟು ಎಂದರು. ಅತ್ತೆಯ ಹೆಸರು ಹೇಳಿದೆ. ಅತ್ತೆ ಅಜ್ಜಾವರದಲ್ಲಿದ್ದಾರೆ ಎಂದು ನನಗೆ ತಿಳಿಸಿದರು. ಹಾಗೆ ಎಷ್ಟು ಹೊತ್ತು ಒಬ್ಬರನ್ನೊಬ್ಬರು ಒಳಗೆ ತಳ್ಳಿದೆವೋ, ಬಾಯಿಂದ ಮಾತ್ರ, ಯಾಕೆಂದರೆ ಮುಟ್ಟಿ ತಳ್ಳುವಂತಿಲ್ಲ. ಕೊನೆಗೆ ಮಾವ ಮರಳಿನ ಮೇಲೆ ಗೋಣಿ ಹಾಸಿ, ಕಂಬಳಿ ಹೊದ್ದು, ಆಕಾಶಕ್ಕೆ ಮುಖ ಮಾಡಿ ಮಲಗಿಬಿಟ್ಟರು. ಹಿರಿಯರು ಬಯಲಲ್ಲಿ ಮಲಗಿರುವಾಗ ನಾನು ಮಾಡಿನ ಕೆಳಗೆ ಮಲಗುವುದು ಹೇಗೆ? ನಾನೂ ಸ್ವಲ್ಪ ದೂರದಲ್ಲಿ, ಅವರ ಕಡೆ ಕಾಲು ಬಾರದ ಹಾಗೆ, ಬಿದ್ದುಕೊಂಡೆ. ಗುಡಾರ ಖಾಲಿ ನಿಂತಿತ್ತು.

"ಹಪ್ಪಳ ಆದರೂ ಒಳಗೆ ಮಲಗ್ಲಿ" ಎಂದರು ಮಾವ.

ಎದ್ದು ಹೋಗಿ ತಟ್ಟೆಯ ಕಟ್ಟು ಬಿಚ್ಚಿ, ಹಪ್ಪಳವನ್ನು ಗುಡಾರದ ಸರಿಯಾಗಿ ಮಧ್ಯದಲ್ಲಿ ಇಟ್ಟು ಬಂದೆ.

ಬೆಳಗಾಗುವಾಗ ನನ್ನ ಕೂದಲು ಹಿಂಡಿದರೆ ನೀರು ಬರುತ್ತಿತ್ತು. ಮಾವನ ಕಂಬಳಿಯ ಮೇಲೆ ಮಂಜು ಬಿಳಿಯಾಗಿ ಕೂತಿತ್ತು. ಅವರು ಆಗಲೇ ಎದ್ದು ಗಾಳದ ಹತ್ತಿರ ಇದ್ದರು. ಕೆಮ್ಮಲಿಲ್ಲ. ಕೆಮ್ಮು ಬರಲಿಲ್ಲವೋ, ಬಂದದ್ದನ್ನು ಹೊಳೆಯ ಸದ್ದಿನಲ್ಲಿ ಮುಗಿಸಿಕೊಂಡರೋ, ನಾನು ಕೇಳಿಸದಷ್ಟು ದೂರದಲ್ಲಿದ್ದೆ. ಗುಡಾರದೊಳಗೆ ಹಪ್ಪಳ ಮಾತ್ರ ರಾಜನ ಹಾಗೆ ಬೆಚ್ಚಗಿತ್ತು. ಗುಡಾರ ಮಡಚುವಾಗ ಮನೆಯಲ್ಲಿ ಏನು ಹೇಳುವುದು ಎಂದು ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ. ಹಪ್ಪಳ ಜಾಗ್ರತೆ ಎಂದಷ್ಟೇ ಹೇಳಿದರು.

ವಾಪಸು ಬರುವ ಬಸ್ಸಿನಲ್ಲಿ ನನ್ನ ಸ್ಥಿತಿ ಯಾರಿಗೂ ಬೇಡ. ಅಷ್ಟು ದೊಡ್ಡ ಮೀನನ್ನು ಕಾಲಿನ ಕೆಳಗೆ ತಳ್ಳಿ, ಎರಡು ತಟ್ಟೆಗಳನ್ನು ಎದೆಯ ಎತ್ತರಕ್ಕೆ ಹಿಡಿದುಕೊಂಡಿದ್ದೆ. ಮಡಿಲಲ್ಲಿ ಇಟ್ಟರೆ ಬಸ್ಸಿನ ಕುಲುಕಾಟಕ್ಕೆ ಒಡೆಯುತ್ತದೆ. ಒಡೆದು ಹೋದರೆ ಮುರಿದದ್ದೋ ಕುಲುಕಿದ್ದೋ ಎಂದು ಅತ್ತೆ ಕೇಳುತ್ತಾರೆ. ಎದೆಗೆ ಒತ್ತಿ ಹಿಡಿದರೆ ಬೆವರು. ಹಾಗಾಗಿ ಎರಡರ ಮಧ್ಯದಲ್ಲಿ, ಗಾಳಿಯಲ್ಲಿ. ಪಕ್ಕದಲ್ಲಿ ಕೂತ ಹೆಂಗಸು ಯಾವ ದೇವಸ್ಥಾನದ ಪ್ರಸಾದ ಎಂದು ಕೇಳಿದಳು. ಹಪ್ಪಳ ಎಂದೆ. ಅವಳು ಸ್ವಲ್ಪ ಸರಿದು ಕೂತಳು. ಆಚೆಯ ಸೀಟಿನಲ್ಲಿ ಮಾವ ಕಿಟಕಿಯ ಹೊರಗೆ ನೋಡುತ್ತಿದ್ದರು. ಅವರ ಭುಜ ಕುಲುಕುತ್ತಿತ್ತು. ಬಸ್ಸಿಗೋ ನಗುವಿಗೋ ಗೊತ್ತಾಗಲಿಲ್ಲ.

ಅಜ್ಜಾವರದಲ್ಲಿ ಅತ್ತೆ ಮೊದಲು ಮೀನನ್ನು ನೋಡಲಿಲ್ಲ, ಗಂಡನನ್ನು ನೋಡಲಿಲ್ಲ, ತಟ್ಟೆಗೆ ಕೈ ಚಾಚಿದರು. ಕಟ್ಟು ಬಿಚ್ಚಿದರು. ಹಪ್ಪಳವನ್ನು ಎರಡು ಕೈಯಲ್ಲಿ ಹಿಡಿದರು. ಟಕ್.

ಅಷ್ಟು ಚೆನ್ನಾಗಿ ಮುರಿದ ಹಪ್ಪಳವನ್ನು ನಾನು ಮತ್ತೆ ಕೇಳಿಲ್ಲ. ಅತ್ತೆಯ ಮುಖ ಸಡಿಲಾಯಿತು. ಗುಡಾರ ಒಳ್ಳೆಯದು, ಮುಂದಿನ ವರ್ಷವೂ ಹೋಗಿ ಬರಬಹುದು ಎಂದರು. ಮಾವ ಗಾಳದ ಕೋಲುಗಳನ್ನು ಮಾಡಿನ ಕೆಳಗೆ ಸಿಕ್ಕಿಸುತ್ತಾ ಹೂಂ ಎಂದರು. ಎಲ್ಲವೂ ಅಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು. ಆಗ ನಾನು ಸೀನಿದೆ. ಒಂದಲ್ಲ, ಮನೆಯ ನಾಯಿ ಎದ್ದು ಹಟ್ಟಿಯ ಕಡೆ ಹೋಗುವಷ್ಟು.

ಅತ್ತೆ ಕೈಯಲ್ಲಿದ್ದ ಒಣ ತುಂಡುಗಳನ್ನು ನೋಡಿದರು, ನನ್ನನ್ನು ನೋಡಿದರು. "ಅಳಿಯನಿಗೆ ಎಂತ ಇಷ್ಟು ಶೀತ?"

"ಪೇಟೆಯವರಲ್ಲಾ" ಎಂದರು ಮಾವ, ತಿರುಗಿ ನೋಡದೆ.

ನಾನೂ ಹೌದು ಎಂದೆ. ಪುತ್ತೂರು ಅಂಥ ದೊಡ್ಡ ಪೇಟೆ ಎಂದು ನನಗೆ ಆ ದಿನವೇ ಗೊತ್ತಾದದ್ದು.

ಮುಂದಿನ ವರ್ಷ ಹೊಳೆ ತಿಳಿಯಾದಾಗ ಮಾವ ಹೋದರು. ಗುಡಾರವೂ ಹೋಯಿತು, ಹಪ್ಪಳವೂ ಹೋಯಿತು. ನನ್ನನ್ನು ಅತ್ತೆ ಬಿಡಲಿಲ್ಲ. ಅಳಿಯನಿಗೆ ಗುಡಾರದೊಳಗೆ ಮಲಗಿಯೇ ಅಷ್ಟು ಶೀತ ಆಗುತ್ತದೆ, ಅವರು ಬೊಡ, ಮಗಳ ಗತಿ ಏನು ಎಂದರಂತೆ. ಮಾವ ನನ್ನ ಬದಲು ಇದ್ದಿನಬ್ಬ ಬ್ಯಾರಿಗಳನ್ನು ಕರೆದುಕೊಂಡು ಹೋದರು. ಅವರಿಬ್ಬರೂ ಗುಡಾರದಲ್ಲಿ ಹಿಡಿದರೇ ಎಂದು ಆಮೇಲೆ ಬೆಳ್ಳಾರೆಯಲ್ಲಿ ಕೇಳಿದೆ. ಬ್ಯಾರಿಗಳು ಲಾಂದ್ರದ ಗಾಜು ಒರೆಸುತ್ತಾ, ಗುಡಾರವಾ, ಅದು ಒಳ್ಳೆ ಗುಡಾರ ಎಂದು ಹೇಳಿ ಬೇರೆ ಗಿರಾಕಿಯ ಕಡೆ ತಿರುಗಿದರು. ಹಪ್ಪಳ ಆ ವರ್ಷವೂ ಟಕ್ಕೆಂದು ಮುರಿಯಿತಂತೆ. ಮಾವ ನನ್ನನ್ನು ಇವತ್ತಿಗೂ 'ನೀವು' ಎನ್ನುತ್ತಾರೆ.

ಆದರೆ ನನ್ನನ್ನು ಕೂರಲು ಬಿಡದೆ ಕಾಡುವುದು ಅದಲ್ಲ. ನಾನು ಸೀನಿದ ದಿನ ಅತ್ತೆ ಒಳಗೆ ಹೋಗಿ ಒಳ್ಳೆಮೆಣಸು ಜಜ್ಜಿ ಕಷಾಯ ಮಾಡಿದರು. ಒಂದು ಲೋಟ ನನ್ನ ಮುಂದೆ ಇಟ್ಟ ಮೇಲೆ, ಯಾರೂ ಕೇಳದೆ, ಇನ್ನೊಂದು ಲೋಟವನ್ನು ಮಾವನ ಮುಂದೆಯೂ ಇಟ್ಟರು. ಮಾವ ಅದನ್ನು ನೋಡಿ, ತೆಗೆದುಕೊಂಡು, ಬಿಸಿಯಾಗಿಯೇ ಕುಡಿದು ಮುಗಿಸಿದರು. ಹೀಗೆಂದು ನಾನು ಹೇಳುತ್ತೇನೆ. ಕಮಲ ಒಂದೇ ಲೋಟ ಇತ್ತು ಅನ್ನುತ್ತಾಳೆ, ಅದು ನನ್ನದು ಮಾತ್ರ. ಹಪ್ಪಳದ ವಿಷಯದಲ್ಲಿ ಅವಳೇ ಸರಿ ಇದ್ದರೆ ಲೋಟದ ವಿಷಯದಲ್ಲೂ ಸರಿ ಇರಬಹುದು. ಲೋಟ ಒಂದೇ ಆಗಿದ್ದರೆ ಅತ್ತೆಗೆ ಏನೂ ಗೊತ್ತಾಗಿರಲಿಲ್ಲ, ನಾವಿಬ್ಬರು ಗಂಡಸರು ಒಂದು ಹಪ್ಪಳದ ಮರೆಯಲ್ಲಿ ಬಚಾವಾದೆವು. ಎರಡಾಗಿದ್ದರೆ ಅವರಿಗೆ ಎಲ್ಲವೂ ಗೊತ್ತಿತ್ತು, ಗೊತ್ತಿದ್ದೇ ಟಕ್ ಎನಿಸಿ ಗಂಡನನ್ನು ಹೊಳೆಗೆ ಬಿಟ್ಟರು, ನನ್ನನ್ನು ಮಾತ್ರ ಮನೆಯಲ್ಲಿ ಇಟ್ಟರು. ಅತ್ತೆಯನ್ನೇ ಕೇಳಬಹುದು, ಪ್ರತಿ ಸಲ ಅಜ್ಜಾವರಕ್ಕೆ ಹೋಗುವಾಗ ಕೇಳಬೇಕೆಂದೇ ಹೋಗುತ್ತೇನೆ, ಕೇಳದೆ ಬರುತ್ತೇನೆ. ಲೋಟ ಒಂದೋ ಎರಡೋ, ನನಗೆ ಗೊತ್ತಿಲ್ಲ.